ಬ್ಯಾಟರಿಯ ಬೆನ್ನು ಹತ್ತಿದ ಎಡಿಸನ್

ಥಾಮಸ್ ಆಲ್ವಾ ಎಡಿಸನ್ ಎಂಬ ಹೆಸರು ಕೇಳಿದೊಡನೆ ನಮ್ಮ ಮಕ್ಕಳಿಗೆ ನೆನಪಾಗುವುದು ವಿದ್ಯುದ್ದೀಪ. ಹಿರಿಯರಿಗೆ ನೆನಪಾಗುವುದು ಗ್ರಾಮಫೋನು. ಈ ಎರಡರ ಕಥೆಯನ್ನು ಪಠ್ಯಪುಸ್ತಕಗಳಲ್ಲಿ ಓದಿ, ಭಾಷಣ ಸ್ಪರ್ಧೆಗಳಲ್ಲಿ ಕೇಳಿ ನಾವೆಲ್ಲರೂ ಬಲ್ಲೆವು. ಸಾವಿರಾರು ಸಲ ಸೋತರೂ ಎದೆಗುಂದದ ಎಡಿಸನ್ನನ ಕಥೆಯಂತೂ ವೇದಿಕೆಯ ಮೇಲೆ ಹೇಳದ ವರ್ಷವೇ ಇಲ್ಲ. ಆದರೆ ಆ ಸಾವಿರಾರು ಸೋಲುಗಳ ಕಥೆ ಹುಟ್ಟಿದ್ದು ದೀಪದ ಪ್ರಯೋಗಗಳಿಂದಲ್ಲ, ಬ್ಯಾಟರಿಯ ಪ್ರಯೋಗಗಳಿಂದ ಎಂಬುದು ಅನೇಕರಿಗೆ ತಿಳಿಯದು. ದೀಪಕ್ಕೆ ಎಡಿಸನ್ ಕೊಟ್ಟದ್ದು ಒಂದೆರಡು ವರ್ಷ. ಬ್ಯಾಟರಿಗೆ ಕೊಟ್ಟದ್ದು ಹತ್ತು ವರ್ಷ. ಅದೂ ಐವತ್ತು ದಾಟಿದ ಮೇಲೆ. ಆ ಹತ್ತು ವರ್ಷಗಳನ್ನು ಕೊಂಚ ವಿವರವಾಗಿ ಹೇಳಬೇಕೆಂಬುದು ನಮ್ಮ ಆಸೆ. ಉಳಿದ ಜೀವನವನ್ನು ಅದಕ್ಕೆ ಬೇಕಾದಷ್ಟೇ ಹೇಳುತ್ತೇವೆ.

ಎಡಿಸನ್ ಹುಟ್ಟಿದ್ದು 1847ರ ಫೆಬ್ರವರಿ 11ರಂದು, ಅಮೆರಿಕದ ಒಹಾಯೊ ಸಂಸ್ಥಾನದ ಮಿಲಾನ್ ಎಂಬ ಸಣ್ಣ ಊರಿನಲ್ಲಿ. ತಂದೆ ಸ್ಯಾಮ್ಯುಯೆಲ್, ತಾಯಿ ನ್ಯಾನ್ಸಿ. ಏಳು ಮಕ್ಕಳಲ್ಲಿ ಇವನೇ ಕಿರಿಯವನು. 1854ರಲ್ಲಿ ಕುಟುಂಬವು ಮಿಷಿಗನ್ ಸಂಸ್ಥಾನದ ಪೋರ್ಟ್ ಹ್ಯೂರನ್ ಪಟ್ಟಣಕ್ಕೆ ಬಂದು ನೆಲೆಸಿತು. ಹುಡುಗನು ಶಾಲೆಗೆ ಹೋದದ್ದು ಕೆಲವೇ ತಿಂಗಳು. ಹಿಂದೆ ಶಿಕ್ಷಕಿಯಾಗಿದ್ದ ತಾಯಿ ಅವನನ್ನು ಮನೆಯಲ್ಲಿಯೇ ಕುಳ್ಳಿರಿಸಿ ಓದಿಸಿದಳು. ಒಂಬತ್ತು ಹತ್ತು ವರ್ಷಕ್ಕೇ ಒಂದು ವಿಜ್ಞಾನ ಪುಸ್ತಕ ಅವನ ಕೈಸೇರಿತು; ಅದರಲ್ಲಿದ್ದ ಪ್ರಯೋಗಗಳನ್ನು ಮನೆಯ ನೆಲಮಾಳಿಗೆಯಲ್ಲಿ ಒಂದೊಂದಾಗಿ ಮಾಡಿ ನೋಡತೊಡಗಿದನು. ಹನ್ನೆರಡನೆಯ ವಯಸ್ಸಿನಲ್ಲಿ ಪೋರ್ಟ್ ಹ್ಯೂರನ್‌ನಿಂದ ಡೆಟ್ರಾಯಿಟ್‌ಗೆ ಹೋಗುವ ರೈಲಿನಲ್ಲಿ ಪತ್ರಿಕೆ, ಮಿಠಾಯಿ ಮಾರುವ ಕೆಲಸಕ್ಕೆ ಸೇರಿದನು. ಸಂಪಾದಿಸಿದ್ದರಲ್ಲಿ ಒಂದು ಭಾಗ ರಾಸಾಯನಿಕಗಳ ಸೀಸೆಗಳಿಗೇ ಹೋಗುತ್ತಿತ್ತು. ಎಳೆಯ ವಯಸ್ಸಿನಲ್ಲಿಯೇ ಕಿವಿ ಮಂದವಾಯಿತು. ಮುಂದೆ ಬಹುಮಟ್ಟಿಗೆ ಕೇಳಿಸದೆಯೇ ಹೋಯಿತು.

1862ರಲ್ಲಿ ಮೌಂಟ್ ಕ್ಲೆಮೆನ್ಸ್ ನಿಲ್ದಾಣದಲ್ಲಿ ಹಳಿಯ ಮೇಲೆ ಆಡುತ್ತಿದ್ದ ಸ್ಟೇಷನ್ ಮಾಸ್ತರರ ಮೂರು ವರ್ಷದ ಮಗುವನ್ನು, ಬರುತ್ತಿದ್ದ ಬಂಡಿಯ ಮುಂದಿನಿಂದ ಎತ್ತಿಕೊಂಡು ಪಾರುಮಾಡಿದನು. ಕೃತಜ್ಞರಾದ ಮಾಸ್ತರರು ಅವನಿಗೆ ತಂತಿ ಕಳಿಸುವ ವಿದ್ಯೆಯನ್ನು ಕಲಿಸಿಕೊಟ್ಟರು. ಅಲ್ಲಿಂದ ಆರೇಳು ವರ್ಷ ಎಡಿಸನ್ನನು ಊರೂರು ಅಲೆಯುವ ತಂತಿ ಗುಮಾಸ್ತನಾದನು.

ತಂತಿ ಕಚೇರಿಯೆಂದರೆ ಆ ಕಾಲಕ್ಕೆ ಬ್ಯಾಟರಿಗಳ ಮನೆ. ಆಗ ಗೋಡೆಯ ಪ್ಲಗ್ಗಿನಿಂದ ವಿದ್ಯುತ್ ಸಿಗುತ್ತಿರಲಿಲ್ಲ. ಗಾಜಿನ ಜಾಡಿಗಳ ಸಾಲು. ಒಳಗೆ ತಾಮ್ರ, ಸತು, ಮೈಲುತುತ್ತಿನ ನೀಲಿ ದ್ರಾವಣ. ಮಳೆಗಾಲದಲ್ಲಿ ಸುಣ್ಣದೊಂದಿಗೆ ಬೆರೆಸಿ ನಾವು ಅಡಕೆ ಗೊನೆಗಳಿಗೆ ಸಿಂಪಡಿಸುವ ಮೈಲುತುತ್ತೇ ಅದು. ಇನ್ನು ಕೆಲವು ಜಾಡಿಗಳಲ್ಲಿ ಗಂಧಕಾಮ್ಲ. ಈ ಜಾಡಿಗಳನ್ನು ಆಗಾಗ ತೊಳೆದು, ದ್ರಾವಣ ಬದಲಿಸಿ ನೋಡಿಕೊಳ್ಳಬೇಕಿತ್ತು. 1867ರ ಸುಮಾರಿಗೆ ಎಡಿಸನ್ನನು ಲೂಯಿವಿಲ್ ನಗರದ ತಂತಿ ಕಚೇರಿಯಲ್ಲಿ ರಾತ್ರಿ ಪಾಳಿಯಲ್ಲಿದ್ದನು. ಬಿಡುವು ಸಿಕ್ಕಾಗ ಬ್ಯಾಟರಿಯೊಂದನ್ನು ಹಿಡಿದು ಪ್ರಯೋಗ ಮಾಡುತ್ತಿರುವಾಗ ಗಂಧಕಾಮ್ಲ ಚೆಲ್ಲಿತು. ಅದು ಹಲಗೆಯ ನೆಲದ ಸಂದಿನಿಂದ ಇಳಿದು ಕೆಳಗಿನ ಕೋಣೆಯಲ್ಲಿದ್ದ ಮೇಲಧಿಕಾರಿಯ ಮೇಜನ್ನು ಸುಟ್ಟುಹಾಕಿತು. ಮರುದಿನ ಬೆಳಿಗ್ಗೆ ಕೆಲಸ ಹೋಯಿತು. ಆಮ್ಲಕ್ಕೂ ಎಡಿಸನ್ನನಿಗೂ ಇದ್ದ ಹಗೆ ಅಂದೇ ಆರಂಭವಾಯಿತೆಂದು ತಮಾಷೆಗೆ ಹೇಳಬಹುದು.

ಮುಂದಿನ ವರ್ಷ ಬೋಸ್ಟನ್ ನಗರದಲ್ಲಿದ್ದಾಗ ಮೈಕೇಲ್ ಫ್ಯಾರಡೆಯ ವಿದ್ಯುತ್ ಸಂಶೋಧನೆಗಳ ಸಂಪುಟಗಳನ್ನು ಕೊಂಡು ಓದಿದನು. ಬ್ಯಾಟರಿಯೊಳಗಿನ ದ್ರಾವಣಕ್ಕೆ ಇಂಗ್ಲಿಷಿನಲ್ಲಿ ಇಂದಿಗೂ ಬಳಕೆಯಲ್ಲಿರುವ ಎಲೆಕ್ಟ್ರೊಲೈಟ್ ಎಂಬ ಹೆಸರನ್ನು 1834ರಲ್ಲಿ ಬಳಕೆಗೆ ತಂದವನು ಇದೇ ಫ್ಯಾರಡೆ. ನಮ್ಮ ವಿಜ್ಞಾನ ಪುಸ್ತಕಗಳು ಅದನ್ನು ವಿದ್ಯುದ್ವಿಭಾಜ್ಯ ಎಂದು ಕರೆಯುತ್ತವೆ. ಫ್ಯಾರಡೆಯ ಬರಹದಲ್ಲಿ ಗಣಿತ ಕಡಿಮೆ, ಪ್ರಯೋಗ ಹೆಚ್ಚು. ಶಾಲೆಯ ಗಣಿತ ಕಲಿಯದ ಎಡಿಸನ್ನನಿಗೆ ಅದು ಹಿಡಿಸಿತು.

ಇನ್ನು ನಡುವಿನ ಮೂವತ್ತು ವರ್ಷಗಳನ್ನು ನಾವು ಬೇಗ ದಾಟುತ್ತೇವೆ. 1869ರಲ್ಲಿ ಮೊದಲ ಪೇಟೆಂಟ್. 1876ರಲ್ಲಿ ಮೆನ್ಲೋ ಪಾರ್ಕಿನ ಪ್ರಯೋಗಶಾಲೆ. 1877ರಲ್ಲಿ ಧ್ವನಿಮುದ್ರಣ ಯಂತ್ರ. 1879ರಲ್ಲಿ ಬಾಳಿಕೆಯ ವಿದ್ಯುದ್ದೀಪ. 1882ರ ಸೆಪ್ಟೆಂಬರ್ 4ರಂದು ನ್ಯೂಯಾರ್ಕಿನ ಪರ್ಲ್ ಬೀದಿಯಲ್ಲಿ ವಿದ್ಯುತ್ ಕೇಂದ್ರ. 1887ರಲ್ಲಿ ವೆಸ್ಟ್ ಆರೆಂಜ್‌ನಲ್ಲಿ ಇನ್ನೂ ದೊಡ್ಡ ಪ್ರಯೋಗಶಾಲೆ. ಏಕಮುಖ ವಿದ್ಯುತ್ತನ್ನೇ ಹಿಡಿದುಕೊಂಡು ಪರ್ಯಾಯ ವಿದ್ಯುತ್ತಿನ ವಿರುದ್ಧ ಮಾಡಿದ ಪ್ರಚಾರ ಅವನ ಕೀರ್ತಿಗೆ ಭೂಷಣವಲ್ಲ. ಆ ಹೋರಾಟದಲ್ಲಿ ಅವನು ಸೋತನು. 1890ರ ದಶಕದಲ್ಲಿ ಬಡಕಲು ಕಬ್ಬಿಣದ ಅದಿರನ್ನು ಪುಡಿಮಾಡಿ ಆಯಸ್ಕಾಂತದಿಂದ ಬೇರ್ಪಡಿಸುವ ಸಾಹಸಕ್ಕೆ ಇಳಿದು ಇಪ್ಪತ್ತು ಲಕ್ಷ ಡಾಲರಿಗೂ ಹೆಚ್ಚು ಕಳೆದುಕೊಂಡನು. ಅಂತೂ 1899ರಲ್ಲಿ, ಐವತ್ತೆರಡನೆಯ ವಯಸ್ಸಿನಲ್ಲಿ, ಕೈ ಬರಿದಾಗಿ ನಿಂತಿದ್ದಾಗ ಅವನು ಬ್ಯಾಟರಿಯತ್ತ ತಿರುಗಿದನು. ಇದೇ ಎಡಿಸನ್ 1883ರಲ್ಲಿ, ಸಂಚಾಯಕ ಬ್ಯಾಟರಿಯೆಂಬುದು ಷೇರುದಾರರನ್ನು ವಂಚಿಸುವ ಹೂಟವೆಂದು ಪತ್ರಿಕೆಯವರ ಮುಂದೆ ಹೀಗಳೆದಿದ್ದನು.

ಮನಸ್ಸು ಬದಲಾಗಲು ಕಾರಣವಿತ್ತು. ಆಗಷ್ಟೇ ಮೋಟಾರು ಬಂಡಿಗಳು ಬೀದಿಗೆ ಬರುತ್ತಿದ್ದವು. 1900ರಲ್ಲಿ ಅಮೆರಿಕದಲ್ಲಿ ತಯಾರಾದ ಕಾರುಗಳಲ್ಲಿ ಕಾಲುಭಾಗಕ್ಕಿಂತ ಹೆಚ್ಚು ವಿದ್ಯುತ್ ಕಾರುಗಳೇ ಆಗಿದ್ದವೆಂದರೆ ಇಂದಿನವರು ನಂಬಲಾರರು. ಉಗಿಯ ಕಾರು, ಪೆಟ್ರೋಲಿನ ಕಾರು, ವಿದ್ಯುತ್ತಿನ ಕಾರು ಮೂರೂ ಪೈಪೋಟಿಯಲ್ಲಿದ್ದವು. ಪೆಟ್ರೋಲ್ ಕಾರಿಗೆ ಸದ್ದು, ಹೊಗೆ. ಕೈಯಿಂದ ತಿರುವಿ ಎಬ್ಬಿಸಬೇಕು. ತಿರುಗುಹಿಡಿ ಹಿಂದಕ್ಕೆ ಹೊಡೆದರೆ ತೋಳಿನ ಎಲುಬು ಮುರಿಯುವುದೂ ಇತ್ತು. ವಿದ್ಯುತ್ ಕಾರು ನಿಶ್ಶಬ್ದ. ಅದರ ಕೊರತೆಯೆಲ್ಲ ಒಂದೇ ಕಡೆ: ಬ್ಯಾಟರಿ.

ಆ ಬ್ಯಾಟರಿ ಸೀಸ ಮತ್ತು ಗಂಧಕಾಮ್ಲದ್ದು. ಫ್ರಾನ್ಸಿನ ಗಾಸ್ತಾಂ ಪ್ಲಾಂತೆ 1859ರಲ್ಲಿ ಅದನ್ನು ಕಂಡುಹಿಡಿದನು. ಇಂದಿಗೂ ನಮ್ಮ ಮನೆಯ ಇನ್ವರ್ಟರಿನ ಬುಡದಲ್ಲಿ, ಬಸ್ಸು ಲಾರಿಗಳ ಬದಿಯಲ್ಲಿ ಕುಳಿತಿರುವುದು ಹೆಚ್ಚಾಗಿ ಅದರ ವಂಶದ್ದೇ. ಅದರ ದೋಷಗಳು ಮನೆಯವರಿಗೆಲ್ಲ ಗೊತ್ತು: ಹೊರಲಾರದ ಭಾರ, ಬಟ್ಟೆಗೆ ತಾಗಿದರೆ ತೂತು ಕೊರೆಯುವ ಆಮ್ಲ, ಬರಿದಾಗಿ ಬಿಟ್ಟರೆ ಫಲಕಗಳ ಮೇಲೆ ಕಟ್ಟುವ ಬಿಳಿಯ ಹರಳು, ಎರಡು ಮೂರು ವರ್ಷಕ್ಕೇ ಮುಗಿಯುವ ಆಯುಷ್ಯ.

ಇಲ್ಲಿ ಬ್ಯಾಟರಿಯ ಒಳಗನ್ನು ಸ್ವಲ್ಪ ನೋಡಬೇಕು. ಒಂದು ಹೊಳೆಯನ್ನೂ ಅದರ ಎರಡು ದಡಗಳನ್ನೂ ಕಲ್ಪಿಸಿಕೊಳ್ಳೋಣ. ದಡಗಳೆಂದರೆ ಧನ ಮತ್ತು ಋಣ ಫಲಕಗಳು. ವಿದ್ಯುತ್ ಕಣಗಳು ಒಂದು ದಡದಿಂದ ಇನ್ನೊಂದಕ್ಕೆ ಹೊರಗಿನ ಸೇತುವೆಯ ಮೂಲಕ, ಅಂದರೆ ತಂತಿಯ ಮೂಲಕ ಹೋಗುತ್ತವೆ. ಹೋಗುವಾಗ ದಾರಿಯಲ್ಲಿ ದೀಪ ಉರಿಸುತ್ತವೆ, ಚಕ್ರ ತಿರುಗಿಸುತ್ತವೆ. ಆದರೆ ಲೆಕ್ಕ ಸರಿಹೋಗಬೇಕಾದರೆ ಒಳಗಿನ ಕಡವಿನಲ್ಲಿಯೂ ಅಷ್ಟೇ ಸಂಚಾರ ನಡೆಯಬೇಕು. ಆ ಕಡವಿನ ದೋಣಿಗಳೇ ದ್ರಾವಣದಲ್ಲಿರುವ ಅಯಾನುಗಳು. ಕಡವು ನಿಂತರೆ ಸೇತುವೆಯೂ ನಿಂತಂತೆಯೇ. ಸೀಸದ ಬ್ಯಾಟರಿಯಲ್ಲಿ ಒಂದು ವಿಚಿತ್ರವುಂಟು: ಅಲ್ಲಿ ದೋಣಿಗಳೂ ಖರ್ಚಾಗುತ್ತವೆ. ಬ್ಯಾಟರಿ ಕೆಲಸ ಮಾಡಿದಂತೆಲ್ಲ ಗಂಧಕಾಮ್ಲವು ಎರಡೂ ಫಲಕಗಳಿಗೆ ಸೇರಿ ದ್ರಾವಣವು ನೀರು ನೀರಾಗುತ್ತದೆ. ಗ್ಯಾರೇಜಿನವರು ಗಾಜಿನ ನಳಿಗೆಯ ಮಾಪಕದಿಂದ ಆಮ್ಲದ ಸಾಂದ್ರತೆ ನೋಡಿ ಬ್ಯಾಟರಿಯಲ್ಲಿ ಎಷ್ಟು ಚಾರ್ಜ್ ಉಳಿದಿದೆಯೆಂದು ಹೇಳುವುದು ಇದರಿಂದಲೇ. ಹೀಗಾಗಿ ಬ್ಯಾಟರಿಯು ಸೀಸದ ಭಾರದ ಜತೆಗೆ ತನಗೆ ಬೇಕಾದಷ್ಟು ಆಮ್ಲದ ಭಾರವನ್ನೂ ಹೊತ್ತು ತಿರುಗಬೇಕು. ಇನ್ನೊಂದು ಮಾತು: ಗಂಧಕಾಮ್ಲದಲ್ಲಿ ಕಬ್ಬಿಣವಾಗಲಿ ನಿಕ್ಕಲ್ ಆಗಲಿ ಬಾಳಲಾರದು. ಆಮ್ಲವನ್ನು ಇಟ್ಟುಕೊಳ್ಳುವವರೆಗೂ ಸೀಸ ಬಿಟ್ಟರೆ ಗತಿಯಿಲ್ಲ.

ಎಡಿಸನ್ನನ ಜಾಣತನ ಇದ್ದುದು ಇಲ್ಲಿ ಎಂದು ನಮಗೆ ತೋರುತ್ತದೆ. ಉಳಿದವರು ಸೀಸವನ್ನು ಹೇಗೆ ಸುಧಾರಿಸುವುದೆಂದು ಯೋಚಿಸುತ್ತಿದ್ದಾಗ ಅವನು ದ್ರಾವಣವನ್ನೇ ಬದಲಿಸಲು ಹೊರಟನು. ಆಮ್ಲ ಬೇಡ, ಕ್ಷಾರ ಬೇಕು. ಕ್ಷಾರದ ಗುಣ ಅವನಿಗೆ ಹೊಸದಲ್ಲ. ಫ್ರಾನ್ಸಿನ ಲಾಲಾಂಡ್ ರೂಪಿಸಿದ್ದ, ಪೊಟ್ಯಾಸಿಯಂ ಅಥವಾ ಸೋಡಿಯಂ ಹೈಡ್ರಾಕ್ಸೈಡಿನ ದ್ರಾವಣದಿಂದ ನಡೆಯುವ ಕೋಶವನ್ನು ಅವನ ಕಾರ್ಖಾನೆ 1889ರಿಂದಲೇ ತಯಾರಿಸುತ್ತಿತ್ತು. ಆದರೆ ಅದು ಒಮ್ಮೆ ಬಳಸಿದರೆ ಮುಗಿಯುವ ಕೋಶ. ಮತ್ತೆ ಮತ್ತೆ ತುಂಬಿಸಬಹುದಾದ ಕ್ಷಾರದ ಬ್ಯಾಟರಿ ಬೇಕಿತ್ತು. ಕ್ಷಾರದಲ್ಲಿ ಕಬ್ಬಿಣವೂ ನಿಕ್ಕಲೂ ಕರಗದೆ ನಿಲ್ಲುತ್ತವೆ. ಡಬ್ಬಿಯನ್ನು ಉಕ್ಕಿನಿಂದಲೇ ಮಾಡಬಹುದು.

ಯಾವ ಲೋಹ, ಯಾವ ಸಂಯುಕ್ತ ಎಂಬ ಹುಡುಕಾಟಕ್ಕೆ ಲೆಕ್ಕವಿರಲಿಲ್ಲ. ಹತ್ತು ಹದಿನೈದು ಅಡಿ ಉದ್ದದ ಮೇಜಿನ ಮೇಲೆ ನೂರಾರು ಸಣ್ಣ ಪರೀಕ್ಷಾ ಕೋಶಗಳನ್ನು ಸಾಲಾಗಿ ಇಟ್ಟುಕೊಂಡು ಎಡಿಸನ್ನನೂ ಅವನ ರಸಾಯನತಜ್ಞರೂ ಹಗಲಿರುಳು ದುಡಿದರು. ಗೆಳೆಯನಾದ ವಾಲ್ಟರ್ ಮ್ಯಾಲರಿ ನೋಡಲು ಬಂದಾಗ ಒಂಬತ್ತು ಸಾವಿರಕ್ಕೂ ಮಿಕ್ಕಿ ಪ್ರಯೋಗಗಳು ಮುಗಿದಿದ್ದವು, ಫಲ ಸಿಕ್ಕಿರಲಿಲ್ಲ. ಮ್ಯಾಲರಿ ಮರುಕ ತೋರಿದಾಗ ಎಡಿಸನ್ನನು ನಕ್ಕು, ಯಾವುದು ಕೆಲಸಕ್ಕೆ ಬಾರದೆಂಬ ತಿಳಿವಳಿಕೆಯಾದರೂ ದೊರಕಿತಲ್ಲ ಎಂಬರ್ಥದ ಮಾತಾಡಿದನು. 1910ರಲ್ಲಿ ಹೊರಬಂದ ಅವನ ಜೀವನಚರಿತ್ರೆಯಲ್ಲಿ ಇದು ಬ್ಯಾಟರಿಯ ಪ್ರಸಂಗವೆಂದು ಸ್ಪಷ್ಟವಾಗಿದೆ. ಅದು ಬಾಯಿಂದ ಬಾಯಿಗೆ ಸಾಗುತ್ತ ದೀಪದ ಕಥೆಯಾಗಿಬಿಟ್ಟಿತು.

ಕೊನೆಗೆ ಧನ ಫಲಕಕ್ಕೆ ನಿಕ್ಕಲ್ ಹೈಡ್ರಾಕ್ಸೈಡ್, ಋಣ ಫಲಕಕ್ಕೆ ನುಣ್ಣಗೆ ಪುಡಿಮಾಡಿದ ಕಬ್ಬಿಣ, ನಡುವೆ ಸುಮಾರು ಶೇಕಡಾ 21ರ ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣ ಎಂದು ನಿಶ್ಚಯವಾಯಿತು. ಈ ಜೋಡಿಯಲ್ಲಿ ಕ್ಷಾರವು ಖರ್ಚಾಗುವುದಿಲ್ಲ. ದೋಣಿಗಳು ಒಂದು ದಡದಲ್ಲಿ ಇಳಿಸಿದ್ದನ್ನು ಇನ್ನೊಂದು ದಡದಲ್ಲಿ ಹತ್ತಿಸಿಕೊಳ್ಳುತ್ತವೆ. ಅವುಗಳ ಸಂಖ್ಯೆ ಹಾಗೆಯೇ ಉಳಿಯುತ್ತದೆ. ಆದುದರಿಂದ ದ್ರಾವಣ ಕಡಿಮೆಯಿದ್ದರೂ ಸಾಕು. 1901ರಲ್ಲಿ ಎಡಿಸನ್ ಸ್ಟೋರೇಜ್ ಬ್ಯಾಟರಿ ಕಂಪೆನಿ ಸ್ಥಾಪನೆಯಾಯಿತು. ನಿಕ್ಕಲ್ ಸಾಲದೆ ಬರಬಹುದೆಂದು ಅದೇ ವರ್ಷ ಅವನು ಕೆನಡಾದ ಸಡ್ಬರಿ ಪ್ರದೇಶಕ್ಕೆ ಹೋಗಿ ಅದಿರು ಹುಡುಕಿಸಿದ್ದೂ ಉಂಟು. ತೋಡಿಸಿದ ಬಾವಿ ಕುಸಿಯುವ ಮರಳಿಗೆ ಸಿಕ್ಕಿತು, ಕೆಲಸ ಬಿಟ್ಟುಬಂದನು. ಮುಂದೆ ಅದೇ ಫಾಲ್ಕನ್‌ಬ್ರಿಜ್ ನೆಲದಲ್ಲಿ ಬೇರೆಯವರಿಗೆ ನಿಕ್ಕಲಿನ ದೊಡ್ಡ ಗಣಿ ದೊರೆಯಿತು!

ಇಷ್ಟರಲ್ಲಿ ಸ್ವೀಡನ್ ದೇಶದವನೊಬ್ಬನ ಹೆಸರನ್ನು ಹೇಳದಿದ್ದರೆ ಅನ್ಯಾಯವಾದೀತು. ಪಾದ್ರಿಯ ಮಗನಾದ ವಾಲ್ಡೆಮಾರ್ ಯೂಂಗ್ನರ್ ಎಂಬವನು 1899ರಲ್ಲಿಯೇ ನಿಕ್ಕಲ್ ಮತ್ತು ಕ್ಯಾಡ್ಮಿಯಂ ಲೋಹಗಳ ಕ್ಷಾರ ಬ್ಯಾಟರಿಯನ್ನು ಮಾಡಿದ್ದನು. ಕಬ್ಬಿಣವನ್ನೂ ಪರೀಕ್ಷಿಸಿದ್ದನು. ಇಬ್ಬರ ನಡುವೆ ಪೇಟೆಂಟ್ ವ್ಯಾಜ್ಯಗಳು ನಡೆದವು. ಎಡಿಸನ್ನನ ಬೆನ್ನಿಗೆ ಹಣವೂ ಹೆಸರೂ ಇದ್ದವು, ಯೂಂಗ್ನರನಿಗೆ ಎರಡೂ ಕಡಿಮೆ. ಅವನು 1924ರಲ್ಲಿ ತೀರಿಕೊಂಡನು. ಕ್ಷಾರ ಬ್ಯಾಟರಿಯ ಮೊದಲ ಹೆಜ್ಜೆಯ ಗೌರವ ಅವನಿಗೆ ಸಲ್ಲಬೇಕೆಂಬುದು ನಮ್ಮ ಅಭಿಪ್ರಾಯ. ಎಡಿಸನ್ನನ ಅಭಿಮಾನಿಗಳು ನಮ್ಮ ಮೇಲೆ ಮುನಿಯಬಾರದು.

ಎಡಿಸನ್ನನ ಮೊದಲ ಬ್ಯಾಟರಿ ದೊಡ್ಡ ಪ್ರಚಾರದೊಂದಿಗೆ ಮಾರಾಟಕ್ಕೆ ಬಂತು. ಸಾಮಾನು ಸಾಗಿಸುವ ಬಂಡಿಗಳವರು ಕೊಂಡರು. ಸ್ವಲ್ಪ ಕಾಲದಲ್ಲೇ ದೂರುಗಳು ಬರತೊಡಗಿದವು. ಡಬ್ಬಿಯ ಬೆಸುಗೆ ಕ್ಷಾರಕ್ಕೆ ತಾಳದೆ ದ್ರಾವಣ ಸೋರುತ್ತಿತ್ತು. ಅದಕ್ಕಿಂತ ಕೆಟ್ಟದ್ದೆಂದರೆ, ಕೆಲವು ಕೋಶಗಳು ತಿಂಗಳುಗಳು ಕಳೆದಂತೆ ಸತ್ವ ಕಳೆದುಕೊಳ್ಳುತ್ತಿದ್ದವು. ಪಕ್ಕದ ಕೋಶ ಸರಿಯಾಗಿಯೇ ಇರುತ್ತಿತ್ತು. ಕಾರಣ ತಿಳಿಯದು. ಮಾರಾಟ ಮುಂದುವರಿಯುತ್ತಿತ್ತು, ಕೊಳ್ಳುವವರೂ ಇದ್ದರು, ಸೀಸದ ಬ್ಯಾಟರಿಗಿಂತ ಇದೇ ವಾಸಿಯೆನ್ನುವವರೂ ಇದ್ದರು. ಆದರೂ ಎಡಿಸನ್ನನು 1904ರ ಕೊನೆಗೆ ಕಾರ್ಖಾನೆಯ ಬಾಗಿಲು ಮುಚ್ಚಿಸಿದನು. ಕೆಟ್ಟ ಕೋಶಗಳನ್ನು ತನ್ನ ಖರ್ಚಿನಲ್ಲಿ ವಾಪಸು ತೆಗೆದುಕೊಂಡನು. ಅದಿರಿನ ವ್ಯವಹಾರದಲ್ಲಿ ಮುಳುಗಿ ಎದ್ದವನಿಗೆ ಇದು ಸಣ್ಣ ಮಾತಲ್ಲ. ಬ್ಯಾಟರಿ ವ್ಯಾಪಾರದ ಎದುರಾಳಿಗಳು ನಗುತ್ತಿದ್ದರು.

ಮತ್ತೆ ಐದು ವರ್ಷ. ಈ ನಡುವೆ ಕಿವಿಯ ಹಿಂದಿನ ಎಲುಬಿಗೆ ಸೋಂಕು ತಗಲಿ ಶಸ್ತ್ರಚಿಕಿತ್ಸೆಯಾಯಿತು. ದೋಷದ ಮೂಲ ಧನ ಫಲಕದಲ್ಲಿ ಸಿಕ್ಕಿತು. ನಿಕ್ಕಲ್ ಹೈಡ್ರಾಕ್ಸೈಡ್ ತಾನಾಗಿ ವಿದ್ಯುತ್ತನ್ನು ಚೆನ್ನಾಗಿ ಹರಿಸದು. ಅದಕ್ಕೆಂದು ಬೆರೆಸಿದ್ದ ಗ್ರಾಫೈಟ್, ಚಾರ್ಜ್ ಆಗುವಾಗಲೆಲ್ಲ ಸವೆದು ಹಾಳಾಗುತ್ತಿತ್ತು. ಅದರ ಬದಲು ಶುದ್ಧ ನಿಕ್ಕಲಿನ ಹಾಳೆಗಳನ್ನು ಹಾಕಬೇಕು, ಆದರೆ ಅವು ಬೀಸಿದ ಗಾಳಿಗೆ ಹಾರುವಷ್ಟು ತೆಳುವಾಗಿರಬೇಕು. ಅದಕ್ಕೆ ಕಂಡುಕೊಂಡ ಉಪಾಯ ನಮಗೆ ಬಲು ಮೆಚ್ಚುಗೆಯಾದದ್ದು. ವಿದ್ಯುಲ್ಲೇಪನದಿಂದ ತಾಮ್ರದ ಒಂದು ಪದರ, ನಿಕ್ಕಲಿನ ಒಂದು ಪದರ, ಮತ್ತೆ ತಾಮ್ರ, ಮತ್ತೆ ನಿಕ್ಕಲ್ ಹೀಗೆ ನೂರಾರು ಪದರ ಬೆಳೆಸುವುದು. ಬಳಿಕ ಆ ತಗಡನ್ನು ಸಣ್ಣ ಸಣ್ಣ ಚೌಕಗಳಾಗಿ ಕತ್ತರಿಸಿ, ತಾಮ್ರ ಮಾತ್ರ ಕರಗುವ ದ್ರಾವಣದಲ್ಲಿ ಹಾಕುವುದು. ತಾಮ್ರ ಕರಗಿಹೋದ ಮೇಲೆ ಉಳಿಯುವುದು ಅಭ್ರಕಕ್ಕಿಂತ ನವಿರಾದ ನಿಕ್ಕಲಿನ ಹೊಟ್ಟು. ಸಣ್ಣ ತೂತುಗಳಿರುವ, ಕಿರುಬೆರಳಿಗಿಂತ ಸಪೂರವಾದ ಉಕ್ಕಿನ ಕೊಳವೆಗಳಲ್ಲಿ ಒಂದು ಪದರ ಹೈಡ್ರಾಕ್ಸೈಡ್, ಒಂದು ಪದರ ಹೊಟ್ಟು ಎಂದು ನೂರಾರು ಪದರಗಳನ್ನು ಒತ್ತಿ ತುಂಬಿದರು. ಈ ಕೆಲಸಕ್ಕೆ ಬೇಕಾದ ಯಂತ್ರಗಳನ್ನೂ ಅವರೇ ಮಾಡಿಕೊಳ್ಳಬೇಕಾಯಿತು.

ಫಲಕ ಸರಿಹೋಯಿತು. ಇನ್ನು ದ್ರಾವಣ. ಪೊಟ್ಯಾಸಿಯಂ ಹೈಡ್ರಾಕ್ಸೈಡಿಗೆ ಏನನ್ನಾದರೂ ಸೇರಿಸಿ ಇನ್ನೂ ಹೆಚ್ಚಿನ ಕೆಲಸ ತೆಗೆಯಬಹುದೇ ಎಂಬ ಪರೀಕ್ಷೆಗಳು ನಡೆದವು. ಅದರಲ್ಲಿ ಲಿಥಿಯಂ ಹೈಡ್ರಾಕ್ಸೈಡ್ ಗೆದ್ದಿತು. ಲಿಥಿಯಂ ಆಗ ಔಷಧದ ಅಂಗಡಿಯ ವಸ್ತು. ಲಿಥಿಯಾ ನೀರೆಂದು ವಾತರೋಗಕ್ಕೆ ಕುಡಿಯುತ್ತಿದ್ದರು. 100 ಘನ ಸೆಂಟಿಮೀಟರ್ ದ್ರಾವಣಕ್ಕೆ ಎರಡು ಗ್ರಾಂನಷ್ಟು ಬೆರೆಸಿದರೂ ಸಾಕು, ಕೋಶದ ಧಾರಣಶಕ್ತಿ ಹೆಚ್ಚಿತು. ಹೆಚ್ಚಿದ್ದು ದೀರ್ಘಕಾಲ ಉಳಿಯಿತು ಕೂಡ. 1907ರಲ್ಲಿ ಅರ್ಜಿ ಹಾಕಿ, 1908ರ ಜನವರಿಯಲ್ಲಿ ಎಡಿಸನ್ನನು ಈ ದ್ರಾವಣಕ್ಕೇ ಪ್ರತ್ಯೇಕ ಪೇಟೆಂಟ್ ಪಡೆದನು. ಹೀಗೇಕೆ ಆಗುತ್ತದೆಂದು ಅವನಿಗೆ ತಿಳಿದಿರಲಿಲ್ಲ. ಆಗುತ್ತದೆಂಬುದು ಮಾತ್ರ ಗೊತ್ತಿತ್ತು. ನಂತರದ ರಸಾಯನತಜ್ಞರು ವಿವರಿಸಿದ್ದು ಹೀಗೆ: ಬ್ಯಾಟರಿ ತುಂಬುವಾಗ ಕೊನೆಯ ಹಂತದಲ್ಲಿ ನಿಕ್ಕಲ್ ಫಲಕದ ಮೇಲೆ ನೀರು ಒಡೆದು ಆಮ್ಲಜನಕ ಏಳುತ್ತದೆ, ಕೊಟ್ಟ ವಿದ್ಯುತ್ತು ಅದಕ್ಕೇ ವ್ಯಯವಾಗುತ್ತದೆ. ಲಿಥಿಯಂ ಇದ್ದರೆ ಆಮ್ಲಜನಕ ಏಳುವುದು ತಡವಾಗುತ್ತದೆ, ಫಲಕ ಹೆಚ್ಚು ತುಂಬುತ್ತದೆ. ಅಲ್ಲದೆ ನಿಕ್ಕಲ್ ಹೈಡ್ರಾಕ್ಸೈಡಿನ ಕಣಗಳು ಒಂದಕ್ಕೊಂದು ಅಂಟಿ ದಪ್ಪವಾಗದಂತೆಯೂ ಅದು ತಡೆಯುತ್ತದೆ. ಕಣ ಸಣ್ಣದಿದ್ದಷ್ಟು ದ್ರಾವಣಕ್ಕೆ ತಾಗುವ ಮೈ ಹೆಚ್ಚು.

1909ರಲ್ಲಿ ಹೊಸ ಬ್ಯಾಟರಿ ಹೊರಬಂತು. ಎಡಿಸನ್ನನಿಗೆ ಆಗ ಅರುವತ್ತೆರಡು. ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಖರ್ಚಾಗಿತ್ತು. ಪರೀಕ್ಷೆಗಳು ಕ್ರೂರವಾಗಿದ್ದವು: ಕೋಶಗಳನ್ನು ಯಂತ್ರದಿಂದ ಎತ್ತಿ ಎತ್ತಿ ಲಕ್ಷಗಟ್ಟಲೆ ಸಲ ಕುಕ್ಕಿಸಿದರು, ಬಂಡಿಗಳಲ್ಲಿ ಕಟ್ಟಿ ಹೊಂಡದ ರಸ್ತೆಗಳಲ್ಲಿ ಓಡಿಸಿದರು. ಬ್ಯಾಟರಿ ಸಾಯಲಿಲ್ಲ. ಪೂರ್ತಿ ಬರಿದುಮಾಡಿ ತಿಂಗಳುಗಟ್ಟಲೆ ಬಿಟ್ಟರೂ ಮತ್ತೆ ಜೀವ ತುಂಬುತ್ತಿತ್ತು. ಸೀಸದ ಬ್ಯಾಟರಿಗೆ ಹಾಗೆ ಮಾಡಿದರೆ ಅದರ ಕಥೆ ಮುಗಿದಂತೆ.

ದೋಷಗಳೂ ಇದ್ದವು, ಮುಚ್ಚಿಡಬಾರದು. ಸೀಸದ ಕೋಶದ ಒತ್ತಡ ಎರಡು ವೋಲ್ಟ್, ಇದರದು 1.2 ಮಾತ್ರ. ಬೆಲೆ ಹೆಚ್ಚು. ಎಡಿಸನ್ನನು ಬಯಸಿದಷ್ಟು ಹಗುರವೂ ಆಗಲಿಲ್ಲ. ಚಳಿಯಲ್ಲಿ ಕುಗ್ಗುತ್ತಿತ್ತು. ಕ್ಷಾರಕ್ಕೆ ಗಾಳಿಯೇ ಶತ್ರು: ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಅದರೊಂದಿಗೆ ಸೇರಿ ಪೊಟ್ಯಾಸಿಯಂ ಕಾರ್ಬೋನೇಟ್ ಆಗುತ್ತದೆ, ಕಡವಿನ ದೋಣಿಗಳು ಕಡಿಮೆಯಾಗುತ್ತವೆ. ಆದ್ದರಿಂದ ದ್ರಾವಣದ ಮೇಲೆ ತೆಳ್ಳಗೆ ಖನಿಜ ಎಣ್ಣೆ ಹೊಯ್ದು ಮುಚ್ಚುತ್ತಿದ್ದರು. ಕೆಲವು ವರ್ಷಗಳಿಗೊಮ್ಮೆ ದ್ರಾವಣವನ್ನೇ ಬದಲಿಸುತ್ತಿದ್ದರು. ಬಟ್ಟಿ ಇಳಿಸಿದ ನೀರನ್ನು ಆಗಾಗ ಹಾಕುತ್ತಿರಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಕಬ್ಬಿಣದ ಫಲಕದಿಂದ ಜಲಜನಕ ಏಳುತ್ತಿತ್ತು. ಚಾರ್ಜ್ ಮಾಡುವಾಗ ಮಾತ್ರವಲ್ಲ, ಸುಮ್ಮನಿರುವಾಗಲೂ ಸ್ವಲ್ಪ ಸ್ವಲ್ಪ.

ಈ ಜಲಜನಕದಿಂದ ಪ್ರಾಣಹಾನಿಯೇ ಆಯಿತು. ಜಲಾಂತರ್ಗಾಮಿ ಹಡಗುಗಳಲ್ಲಿ ಸೀಸದ ಬ್ಯಾಟರಿಗೆ ಸಮುದ್ರದ ನೀರು ತಾಗಿದರೆ ವಿಷಕಾರಿ ಕ್ಲೋರಿನ್ ಅನಿಲ ಹೊರಟು ನಾವಿಕರು ಉಸಿರುಗಟ್ಟುವ ಅಪಾಯವಿತ್ತು. ಆಮ್ಲವಿಲ್ಲದ ಬ್ಯಾಟರಿಯಾದರೆ ಆ ಭಯವಿಲ್ಲವೆಂದು ಎಡಿಸನ್ನನ ಕಡೆಯವರು ನೌಕಾಪಡೆಗೆ ಒತ್ತಿ ಹೇಳಿದರು. ಅಮೆರಿಕದ ಇ-2 ಎಂಬ ಜಲಾಂತರ್ಗಾಮಿಯಲ್ಲಿ ಈ ಬ್ಯಾಟರಿಗಳನ್ನು ಕೂರಿಸಿ ಪರೀಕ್ಷಿಸುತ್ತಿದ್ದಾಗ, 1916ರ ಜನವರಿ 15ರಂದು ನ್ಯೂಯಾರ್ಕಿನ ಹಡಗುಕಟ್ಟೆಯಲ್ಲಿ ಒಳಗೆ ಶೇಖರವಾಗಿದ್ದ ಜಲಜನಕ ಸ್ಫೋಟಿಸಿತು. ಒಳಗೆ ಕೆಲಸದಲ್ಲಿದ್ದವರು ಸತ್ತರು, ಹಲವರು ಗಾಯಗೊಂಡರು. ತಪ್ಪು ಬ್ಯಾಟರಿಯದೋ, ಗಾಳಿಯಾಡಿಸುವ ವ್ಯವಸ್ಥೆಯದೋ ಎಂದು ಬಹಳ ವಾದ ನಡೆಯಿತು. ಯಾರದೇ ಆಗಲಿ, ಒಂದು ವಿಷಾನಿಲವನ್ನು ತಪ್ಪಿಸಲು ಹೋಗಿ ಇನ್ನೊಂದು ಅನಿಲಕ್ಕೆ ಬಲಿಕೊಟ್ಟಂತಾಯಿತು. ಆ ಮನೆಗಳವರಿಗೆ ವಾದದಿಂದ ಏನಾಗಬೇಕು?

ಇನ್ನು ಕಾರಿನ ಕಥೆ. ಯಾವ ಕಾರಿಗೋಸ್ಕರ ಹತ್ತು ವರ್ಷ ದುಡಿದನೋ ಅದು ಅವನಿಗಾಗಿ ಕಾಯಲಿಲ್ಲ. 1908ರಲ್ಲಿ ಹೆನ್ರಿ ಫೋರ್ಡನ ಮಾಡೆಲ್ ಟಿ ಕಾರು ಬಂತು, ವರ್ಷವರ್ಷವೂ ಅಗ್ಗವಾಯಿತು. ಈ ಫೋರ್ಡ್ ಹಿಂದೆ ಡೆಟ್ರಾಯಿಟ್‌ನ ಎಡಿಸನ್ ವಿದ್ಯುತ್ ಕಂಪೆನಿಯಲ್ಲಿ ಎಂಜಿನಿಯರಾಗಿದ್ದವನು, ಎಡಿಸನ್ನನನ್ನು ಗುರುವೆಂದು ಭಾವಿಸಿದವನು. 1912ರಲ್ಲಿ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ವಿದ್ಯುತ್ ಸ್ಟಾರ್ಟರು ಕ್ಯಾಡಿಲಾಕ್ ಕಾರಿನಲ್ಲಿ ಬಂತು. ತಿರುಗುಹಿಡಿ ಬೇಡವಾಯಿತು, ಪೆಟ್ರೋಲ್ ಕಾರಿನ ದೊಡ್ಡ ಕಷ್ಟ ತೀರಿತು. ಸ್ಟಾರ್ಟರಿಗೆ ಒಂದೇ ಕ್ಷಣದಲ್ಲಿ ಬಹಳ ಪ್ರವಾಹ ಸುರಿಯಬಲ್ಲ ಬ್ಯಾಟರಿ ಬೇಕು. ಅದಕ್ಕೆ ಎಡಿಸನ್ನನ ಬ್ಯಾಟರಿ ಆಗದು, ಸೀಸದ್ದೇ ಆಗಬೇಕು! 1914ರಲ್ಲಿ ಫೋರ್ಡನೂ ಎಡಿಸನ್ನನೂ ಸೇರಿ ಅಗ್ಗದ ವಿದ್ಯುತ್ ಕಾರು ತರುವರೆಂಬ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಆ ಕಾರು ಮಾರುಕಟ್ಟೆಗೆ ಬರಲೇ ಇಲ್ಲ.

ಆದರೂ ಬ್ಯಾಟರಿ ನಷ್ಟಕ್ಕೆ ಬೀಳಲಿಲ್ಲ. ಯಾರೂ ಎಣಿಸದ ಕಡೆಗಳಿಂದ ಬೇಡಿಕೆ ಬಂತು. ರೈಲು ಡಬ್ಬಿಗಳ ದೀಪಗಳಿಗೆ, ಹಳಿಯ ಸಿಗ್ನಲ್‌ಗಳಿಗೆ, ಕಾರ್ಖಾನೆಯೊಳಗೆ ಸಾಮಾನು ಎಳೆಯುವ ಬಂಡಿಗಳಿಗೆ, ಮುಖ್ಯವಾಗಿ ಗಣಿ ಕೆಲಸಗಾರರ ಟೋಪಿ ದೀಪಗಳಿಗೆ. ಕಲ್ಲಿದ್ದಲ ಗಣಿಯಲ್ಲಿ ಬೆಂಕಿಯ ದೀಪ ಒಯ್ದರೆ ಅಲ್ಲಿನ ಅನಿಲ ಹೊತ್ತಿಕೊಳ್ಳುತ್ತಿತ್ತು. ಸೊಂಟಕ್ಕೆ ಸಣ್ಣ ಬ್ಯಾಟರಿ, ತಲೆಗೆ ದೀಪ ಬಂದಮೇಲೆ ಎಷ್ಟೋ ಜನ ಸಂಜೆ ಮನೆಗೆ ಮರಳುವಂತಾಯಿತು. 1914ರ ಡಿಸೆಂಬರ್ 9ರಂದು ವೆಸ್ಟ್ ಆರೆಂಜ್‌ನ ಕಾರ್ಖಾನೆಗಳಿಗೆ ಬೆಂಕಿ ಬಿದ್ದು ಹಲವು ಕಟ್ಟಡಗಳು ಬೂದಿಯಾದವು. ಅರುವತ್ತೇಳರ ಮುದುಕ ಮರುದಿನವೇ ಕಟ್ಟುವ ಕೆಲಸಕ್ಕೆ ತೊಡಗಿದನು. ಆ ವರ್ಷಗಳಲ್ಲಿ ಅವನ ಉದ್ಯಮಗಳಲ್ಲಿ ಚೆನ್ನಾಗಿ ಲಾಭ ತಂದವುಗಳಲ್ಲಿ ಬ್ಯಾಟರಿಯೂ ಒಂದು.

ಕೊನೆಯ ವರ್ಷಗಳಲ್ಲಿ ಎಡಿಸನ್ನನು ಕಾಡುಗಿಡಗಳಿಂದ ರಬ್ಬರು ತೆಗೆಯುವ ಪ್ರಯೋಗದಲ್ಲಿ ಮುಳುಗಿದ್ದನು. ನಮ್ಮೂರ ರಬ್ಬರು ತೋಟದವರು ಕೇಳಿದರೆ ನಕ್ಕಾರು; ಆದರೆ ಅಮೆರಿಕದಲ್ಲಿ ರಬ್ಬರು ಮರ ಬೆಳೆಯದು, ಹಾಗಾಗಿ ಆ ಹುಡುಕಾಟ. 1931ರ ಅಕ್ಟೋಬರ್ 18ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, ವೆಸ್ಟ್ ಆರೆಂಜ್‌ನ ತನ್ನ ಮನೆಯಲ್ಲಿ ತೀರಿಕೊಂಡನು. ಅವನ ಹೆಸರಿನಲ್ಲಿ ಅಮೆರಿಕದ 1093 ಪೇಟೆಂಟ್‌ಗಳಿದ್ದವು.

ಬ್ಯಾಟರಿ ಅವನಿಗಿಂತ ಹೆಚ್ಚು ಕಾಲ ಬಾಳಿತು. 1972ರಲ್ಲಿ ಆ ಕಾರ್ಖಾನೆಯನ್ನು ಸೀಸದ ಬ್ಯಾಟರಿ ಮಾಡುವ ಎಕ್ಸೈಡ್ ಕಂಪೆನಿ ಕೊಂಡಿತು, 1975ರಲ್ಲಿ ಉತ್ಪಾದನೆ ನಿಲ್ಲಿಸಿತು. ಆದರೆ ದ್ರಾವಣದ ಪಾಠ ನಿಲ್ಲಲಿಲ್ಲ. ಯೂಂಗ್ನರನ ನಿಕ್ಕಲ್-ಕ್ಯಾಡ್ಮಿಯಂ ಬ್ಯಾಟರಿಯಲ್ಲಿ, ಮುಂದೆ 1997ರಲ್ಲಿ ಜಪಾನಿನ ಪ್ರಿಯಸ್ ಕಾರನ್ನು ಓಡಿಸಿದಂಥ ನಿಕ್ಕಲ್-ಲೋಹ ಹೈಡ್ರೈಡ್ ಬ್ಯಾಟರಿಗಳಲ್ಲಿ ಪೊಟ್ಯಾಸಿಯಂ ಹೈಡ್ರಾಕ್ಸೈಡೇ ದ್ರಾವಣ; ಹಲವು ಬಾರಿ ಅದಕ್ಕೆ ಚಿಟಿಕೆಯಷ್ಟು ಲಿಥಿಯಂ ಹೈಡ್ರಾಕ್ಸೈಡನ್ನೂ ಬೆರೆಸುತ್ತಾರೆ. 1991ರಲ್ಲಿ ಮಾರುಕಟ್ಟೆಗೆ ಬಂದು ಇಂದು ನಮ್ಮ ಮೊಬೈಲುಗಳಲ್ಲಿಯೂ ವಿದ್ಯುತ್ ಸ್ಕೂಟರುಗಳಲ್ಲಿಯೂ ಇರುವ ಲಿಥಿಯಂ-ಅಯಾನ್ ಬ್ಯಾಟರಿಯಲ್ಲಿ ನೀರೇ ಇಲ್ಲ. ಅದರ ಒತ್ತಡಕ್ಕೆ ನೀರು ಒಡೆದುಹೋಗುವುದರಿಂದ ಲಿಥಿಯಂ ಲವಣವನ್ನು ಸಾವಯವ ದ್ರವಗಳಲ್ಲಿ ಕರಗಿಸಿ ಬಳಸುತ್ತಾರೆ. ಆ ದ್ರವಗಳಿಗೆ ಬೆಂಕಿ ಹತ್ತಬಹುದಾದ್ದರಿಂದ ಅವುಗಳನ್ನು ಬದಲಿಸುವ ಹುಡುಕಾಟ ಲೋಕದ ಅನೇಕ ಪ್ರಯೋಗಶಾಲೆಗಳಲ್ಲಿ ನಡೆದಿದೆ.

ಎಡಿಸನ್ನನ ಕಬ್ಬಿಣದ ಫಲಕವನ್ನೂ ವಿಜ್ಞಾನಿಗಳು ಪೂರ್ತಿ ಮರೆತಿಲ್ಲ. 1990ರ ಸುಮಾರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಸಾಯನತಜ್ಞರು ಸಲ್ಫೈಡನ್ನು ಬೆರೆಸಿದರೆ ಕ್ಷಾರದೊಳಗಿನ ಕಬ್ಬಿಣದ ವರ್ತನೆ ಹೇಗೆ ಸುಧಾರಿಸುತ್ತದೆಂದು ಅಭ್ಯಾಸ ಮಾಡಿ ಪ್ರಕಟಿಸಿದರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 2012ರಲ್ಲಿ ಕಬ್ಬಿಣದ ಸೂಕ್ಷ್ಮ ಕಣಗಳನ್ನು ಇಂಗಾಲದ ತೆಳು ಹಾಳೆಗಳ ಮೇಲೆಯೂ ನಿಕ್ಕಲಿನವನ್ನು ಇಂಗಾಲದ ಸೂಕ್ಷ್ಮ ಕೊಳವೆಗಳ ಮೇಲೆಯೂ ಬೆಳೆಸಿ, ಕೆಲವೇ ನಿಮಿಷಗಳಲ್ಲಿ ತುಂಬುವ ಎಡಿಸನ್ ಬ್ಯಾಟರಿಯೊಂದನ್ನು ಪ್ರಯೋಗಶಾಲೆಯಲ್ಲಿ ಮಾಡಿ ತೋರಿಸಿದರು. ಅದರಲ್ಲಿಯೂ ಫಲಕಗಳು ಮುಳುಗಿದ್ದುದು ಪೊಟ್ಯಾಸಿಯಂ ಹೈಡ್ರಾಕ್ಸೈಡಿನ ದ್ರಾವಣದಲ್ಲಿಯೇ.